ಅಭಿಮಾನಿ ದೇವರಿಗೆ ನೈವೇದ್ಯ ಎಲ್ಲಿ?



ಅಕ್ಟೋಬರ್ ಬಂತೆಂದರೆ ಸಾಕು, ನಿಮ್ಮ ಮೊಬೈಲಿಗೆ ಇಂಥದ್ದೊಂದು ಕರೆ ಬಂದೇ ಬರುತ್ತದೆ. ರಾಜ್ಯೋತ್ಸವಕ್ಕೆ ಹೊಸ ಹಾಡು ಬಿಡುಗಡೆ, ಚಿತ್ರೀಕರಣಕ್ಕೆ ಇನ್ನೂರು ಜನ ಅಭಿಮಾನಿಗಳು ಬೇಕಾಗಿದ್ದಾರೆ, ಹಳದಿ ಇಲ್ಲವೇ ಕೆಂಪು ಅಂಗಿ ತೊಟ್ಟು ಬೆಳಿಗ್ಗೆ ಆರಕ್ಕೆ ಬನ್ನಿ, ನಿಮ್ಮ ನೆಚ್ಚಿನ ಗಾಯಕನ ಜೊತೆ ತೆರೆಯ ಮೇಲೆ ಮಿಂಚಿ! ಕೆಳಗೊಂದು ಬಾವುಟದ ಚಿತ್ರ. ಸಂಬಳದ ಮಾತಿಲ್ಲ. ಬಸ್ ಚಾರ್ಜಿನ ಮಾತಿಲ್ಲ. ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದನ್ನಂತೂ ಕೇಳಲೇ ಬೇಡಿ.

ನೀವು ಹೋಗುತ್ತೀರಿ ಎಂದು ನನಗೆ ಗೊತ್ತು. ಇಪ್ಪತ್ತು ವರ್ಷದ ಹುಡುಗನಿಗೆ ತನ್ನ ಮೆಚ್ಚಿನ ಹಾಡುಗಾರನನ್ನು ಹತ್ತು ಅಡಿ ದೂರದಿಂದ ನೋಡುವ ಅವಕಾಶ ಸಿಕ್ಕರೆ ಹೋಗದೆ ಇರುತ್ತಾನೆಯೇ? ನಾನೂ ಹೋಗಿದ್ದೇನೆ. ಹೋಗಿ. ಆದರೆ ಅಲ್ಲಿ ನಿಮ್ಮಿಂದ ಏನನ್ನು ತೆಗೆದುಕೊಳ್ಳುತ್ತಾರೆ, ನಿಮಗೆ ಏನನ್ನು ಕೊಡುತ್ತಾರೆ ಎಂಬ ಲೆಕ್ಕ ತಲೆಯಲ್ಲಿರಲಿ. ಅಭಿಮಾನಕ್ಕೆ ಬೆಲೆ ಕಟ್ಟಲಾಗದು ಎಂದು ವೇದಿಕೆಯ ಮೇಲೆ ಹೇಳುವವರೇ ಅದನ್ನು ಬಿಟ್ಟಿ ಸರಕಿನಂತೆ ಲಾರಿಯಲ್ಲಿ ತುಂಬಿಸಿಕೊಳ್ಳುತ್ತಾರೆ.

ಆ ದಿನ ಹೇಗಿರುತ್ತದೆ ಎಂದು ಹೋಗದವರಿಗೆ ಹೇಳುತ್ತೇನೆ. ಆರಕ್ಕೆ ಬಾ ಎಂದವರು ಹತ್ತರವರೆಗೆ ಕ್ಯಾಮೆರಾ ಮುಟ್ಟುವುದಿಲ್ಲ. ಲೈಟಿನವರು ವೈರು ಎಳೆಯುತ್ತಾರೆ, ಜನರೇಟರ್ ಗಾಡಿ ಗುರುಗುಡುತ್ತದೆ, ಗಾಯಕ ಕ್ಯಾರವಾನಿನ ಒಳಗಿರುತ್ತಾನೆ. ನೀವು ಬಿಸಿಲಿಗೆ ಒಂದು ಮರ ಹುಡುಕುತ್ತೀರಿ. ಮೈಕು ಹಿಡಿದ ಅಸಿಸ್ಟೆಂಟ್ ಹುಡುಗನೊಬ್ಬ ಬಂದು ನಿಮ್ಮನ್ನು ಕುರಿಮಂದೆಯಂತೆ ಸಾಲು ಮಾಡುತ್ತಾನೆ. (ಪಾಪ, ಅವನನ್ನು ಬೈಯಬೇಡಿ. ಅವನಿಗೂ ನಿಮ್ಮದೇ ವಯಸ್ಸು, ಹಿಂದಿನ ರಾತ್ರಿ ನಿದ್ದೆ ಮಾಡಿರುವುದಿಲ್ಲ, ಅವನ ಸಂಬಳವೂ ಬಾಕಿ ಇರುತ್ತದೆ.) ಚೆನ್ನಾಗಿ ಕಾಣುವವರು ಮುಂದೆ, ಕಪ್ಪಗಿರುವವರು ಹಿಂದೆ! ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಸುಮ್ಮನೆ ಭುಜ ಹಿಡಿದು ಸರಿಸುತ್ತಾರೆ. ನಾನು ಹೋದ ದಿನ ನನ್ನನ್ನು ಸರಿಸಿ ಸರಿಸಿ ಒಂದು ಕಂಬದ ಹಿಂದೆ ತಂದು ನಿಲ್ಲಿಸಿದ್ದರು. ಆ ಹಾಡಿನಲ್ಲಿ ನನ್ನ ಬಲಗೈ ಇದೆ, ನಾನಿಲ್ಲ.

ಆಮೇಲೆ ಹಾಡು ಶುರು. ನೀವು ಅಂದುಕೊಂಡಂತೆ ಯಾರೂ ಅಲ್ಲಿ ಹಾಡುವುದಿಲ್ಲ. ಧ್ವನಿಮುದ್ರಣ ಮೊದಲೇ ಮುಗಿದಿರುತ್ತದೆ. ಸ್ಪೀಕರಿನಲ್ಲಿ ಎರಡು ಸಾಲು ಹಾಕುತ್ತಾರೆ, ಗಾಯಕ ತುಟಿ ಆಡಿಸುತ್ತಾನೆ, ನೀವು ಕುಣಿಯುತ್ತೀರಿ, ಕಟ್. ಮತ್ತೆ ಅದೇ ಎರಡು ಸಾಲು. ಮೊದಲು ದೂರದಿಂದ ಇಡೀ ಗುಂಪು, ಆಮೇಲೆ ಹತ್ತಿರದಿಂದ ಗಾಯಕನ ಮುಖ, ಆಮೇಲೆ ಕಾಲು, ಆಮೇಲೆ ಮೇಲಿನಿಂದ ಕ್ರೇನ್ ಶಾಟ್. ಪ್ರತಿಯೊಂದಕ್ಕೂ ಲೈಟು ಬದಲಾಗಬೇಕು, ಪ್ರತಿಯೊಂದಕ್ಕೂ ನೀವು ಮೊದಲ ಸಲ ಕೇಳಿದವರಂತೆ ಕಿರುಚಬೇಕು. ಪರದೆಯ ಮೇಲೆ ನಿಧಾನಗತಿಯಲ್ಲಿ ಕಾಣಬೇಕಾದ ದೃಶ್ಯವಿದ್ದರೆ ಇನ್ನೂ ಚೆಂದ. ಆಗ ಕ್ಯಾಮೆರಾ ಹೆಚ್ಚು ವೇಗದಲ್ಲಿ ಓಡುತ್ತದೆ, ಅದಕ್ಕೆ ತಕ್ಕಂತೆ ಹಾಡನ್ನೂ ವೇಗವಾಗಿ ಹಾಕುತ್ತಾರೆ, ಇಲಿ ಕಿಚಗುಟ್ಟಿದಂತೆ ಕೇಳುವ ಆ ಹಾಡಿಗೆ ನೀವು ಹುಚ್ಚರಂತೆ ಎಗರಬೇಕು. ಸಾಯಂಕಾಲದ ಹೊತ್ತಿಗೆ ನಿಮ್ಮ ಪ್ರೀತಿಯ ಹಾಡು ನಿಮಗೆ ವಾಕರಿಕೆ ತರಿಸಿರುತ್ತದೆ.

ಮಧ್ಯದಲ್ಲಿ ಎದ್ದು ಮನೆಗೆ ಹೋಗುವ ಹಾಗೂ ಇಲ್ಲ. ಕಂಟಿನ್ಯುಟಿ! ಬೆಳಿಗ್ಗೆ ಗಾಯಕನ ಎಡಭುಜದ ಹಿಂದೆ ಹಳದಿ ಅಂಗಿಯಲ್ಲಿ ನಿಂತವರು ಸಂಜೆಯೂ ಅಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಶಾಟ್ ಕೂಡುವುದಿಲ್ಲ. ಅಂದರೆ ನೀವು ಇಲ್ಲದೆ ಕೆಲಸ ನಿಲ್ಲುತ್ತದೆ ಎಂದಾಯಿತು. ಹೀಗಿದ್ದೂ ಊಟದ ಹೊತ್ತಿಗೆ ಯೂನಿಟ್ಟಿನವರಿಗೆ ಬಾಳೆ ಎಲೆ, ನಿಮಗೆ ಕಾಗದದ ತಟ್ಟೆಯಲ್ಲಿ ಆರಿದ ಚಿತ್ರಾನ್ನ. ಹೆಣ್ಣುಮಕ್ಕಳ ಪಾಡು ಕೇಳಬೇಡಿ. ನಗರದ ಹೊರಗಿನ ಯಾವುದೋ ಖಾಲಿ ಜಾಗದಲ್ಲಿ ನೂರು ಹುಡುಗಿಯರಿಗೆ ಶೌಚಾಲಯ ಎಂದರೆ ಪೊದೆ. ಗಾಯಕನಿಗಿರುವ ಕ್ಯಾರವಾನಿನ ಬಾಗಿಲು ಅವರಿಗೆ ತೆರೆಯುವುದಿಲ್ಲ. ರಾತ್ರಿ ಹತ್ತಕ್ಕೆ ಪ್ಯಾಕಪ್ ಅಂದಾಗ ಕೊನೆಯ ಬಸ್ಸು ಹೋಗಿರುತ್ತದೆ. ಹಾಡಿಗೆ ಕುಣಿದದ್ದಕ್ಕಿಂತ ಮನೆ ತಲುಪಿದ್ದೇ ದೊಡ್ಡ ಸಾಹಸವಾಗುತ್ತದೆ.

ಇದು ಗಾಂಧಿನಗರಕ್ಕೆ ಮಾತ್ರ ಅಂಟಿದ ಜಾಡ್ಯ ಎಂದು ತಿಳಿಯಬೇಡಿ. ಅಮೆರಿಕದ ಕತೆಯೊಂದಿದೆ, ನಿಮ್ಮಲ್ಲಿ ಗಿಟಾರ್ ನುಡಿಸುವವರಿಗೆ ಅರ್ಧ ಗೊತ್ತಿರುತ್ತದೆ. 1991ರ ಆಗಸ್ಟ್. ನಿರ್ವಾಣ ಎಂಬ ಮೂವರ ತಂಡ, ಕರ್ಟ್ ಕೋಬೇನ್, ಕ್ರಿಸ್ಟ್ ನೊವೊಸೆಲಿಕ್, ಡೇವ್ ಗ್ರೋಲ್. ಆಗಿನ್ನೂ ಜಗತ್ತಿಗೆ ಅವರು ಯಾರೆಂದು ಗೊತ್ತಿಲ್ಲ. ಲಾಸ್ ಏಂಜಲೀಸಿನ ರಾಕ್ಸಿ ಎಂಬಲ್ಲಿ 15ನೇ ತಾರೀಕು ಕಛೇರಿ. ಅಲ್ಲಿ ಬಂದ ಅಭಿಮಾನಿಗಳ ಕೈಗೆ ಒಂದು ಕರಪತ್ರ ಬಿತ್ತು. ಎರಡು ದಿನ ಬಿಟ್ಟು, 17ರಂದು, ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿನ ಚಿತ್ರೀಕರಣವಿದೆ. 18ರಿಂದ 25 ವಯಸ್ಸಿನವರು ಬನ್ನಿ, ಹೈಸ್ಕೂಲು ಹುಡುಗರ ವೇಷದಲ್ಲಿ ಬನ್ನಿ, ಕಂಪನಿಗಳ ಹೆಸರಿರುವ ಬಟ್ಟೆ ಬೇಡ, ಹಲವು ಗಂಟೆ ಇರಲು ಸಿದ್ಧರಾಗಿ ಬನ್ನಿ, ತಂಡಕ್ಕೆ ಬೆಂಬಲ ಕೊಟ್ಟು ಮಜಾ ಮಾಡಿ! ಸಂಬಳದ ಸೊಲ್ಲಿಲ್ಲ. ನಮ್ಮ ಮೊಬೈಲಿಗೆ ಬರುವ ಕರೆಗೂ ಅದಕ್ಕೂ ಎಷ್ಟು ವ್ಯತ್ಯಾಸವಿದೆ ಹೇಳಿ. ಮೂವತ್ತು ವರ್ಷ ದಾಟಿದರೂ ಒಕ್ಕಣೆಯೇ ಬದಲಾಗಿಲ್ಲ.

ಕಲ್ವರ್ ಸಿಟಿಯ ಸ್ಟುಡಿಯೋ ಒಂದರಲ್ಲಿ ಶಾಲೆಯ ವ್ಯಾಯಾಮಶಾಲೆಯಂಥ ಸೆಟ್ ಹಾಕಿದ್ದರು. ನಿರ್ದೇಶಕ ಸ್ಯಾಮ್ಯುಯೆಲ್ ಬೇಯರ್ ಹೊಸಬ. ಬಂದ ಹುಡುಗ ಹುಡುಗಿಯರನ್ನು ಮೆಟ್ಟಿಲು ಬೆಂಚುಗಳ ಮೇಲೆ ಕೂರಿಸಿ ಗಂಟೆಗಟ್ಟಲೆ ಅದೇ ಹಾಡನ್ನು ಕೇಳಿಸಿದರು. ಹೊಗೆ, ಸೆಕೆ, ಅಲುಗಾಡಬೇಡಿ ಎಂಬ ಕಟ್ಟಪ್ಪಣೆ. ಕೊನೆ ಕೊನೆಗೆ ಆ ಮಕ್ಕಳ ಸಹನೆ ಕಟ್ಟೆಯೊಡೆಯಿತು. ಅವರನ್ನು ಕೆಳಗಿಳಿದು ಕುಣಿಯಲು ಬಿಡಿ ಎಂದು ಕೋಬೇನನೇ ನಿರ್ದೇಶಕನನ್ನು ಒಪ್ಪಿಸಿದ. ಬಿಟ್ಟಿದ್ದೇ ತಡ, ಗುಂಪು ಸೆಟ್ಟಿನ ಮೇಲೆ ನುಗ್ಗಿತು, ವಾದ್ಯಗಳು ಪುಡಿಯಾದವು, ಸೆಟ್ಟು ಚಿಂದಿಯಾಯಿತು. ಕ್ಯಾಮೆರಾ ಓಡುತ್ತಲೇ ಇತ್ತು.

ಇವತ್ತು ಆ ಹಾಡಿನ ದೃಶ್ಯದಲ್ಲಿ ಜನ ನೆನಪಿಟ್ಟುಕೊಂಡಿರುವುದು ಏನನ್ನು? ಆ ಕೊನೆಯ ನುಗ್ಗಾಟವನ್ನು. ಅದು ನಟನೆಯಲ್ಲ, ಇಡೀ ದಿನ ಕಾದು ಕಾದು ಬೇಸತ್ತ ಅಭಿಮಾನಿಗಳ ನಿಜವಾದ ಸಿಟ್ಟು. ಆ ಹಾಡಿದ್ದ ‘ನೆವರ್‌ಮೈಂಡ್’ 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್ನನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಎಂಟಿವಿ ಆ ವಿಡಿಯೋಗೆ ಎರಡು ಪ್ರಶಸ್ತಿ ಕೊಟ್ಟಿತು. 2019ರ ಡಿಸೆಂಬರಿನಲ್ಲಿ ಯೂಟ್ಯೂಬಿನಲ್ಲಿ ಅದರ ವೀಕ್ಷಣೆ ನೂರು ಕೋಟಿ ದಾಟಿತು. ತಂಡಕ್ಕೆ ಹೆಸರಾಯಿತು, ಕಂಪನಿಗೆ ದುಡ್ಡಾಯಿತು, ನಿರ್ದೇಶಕನಿಗೆ ದಾರಿ ತೆರೆಯಿತು. ಬೆಂಚಿನ ಮೇಲೆ ಬೆವರು ಸುರಿಸಿದವರಿಗೆ ಹೇಳಿಕೊಳ್ಳಲು ಒಂದು ಕತೆ ಸಿಕ್ಕಿತು. ಕತೆಯೂ ಆಸ್ತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಗುಂಪು ಎಂಬುದು ಹಿಂದೆ ಕಟ್ಟಿದ ಪರದೆಯಲ್ಲ, ಹಾಡಿನ ಉಸಿರೇ ಅದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮಲ್ಲೂ ನೋಡಿ. 1993ರ ‘ಆಕಸ್ಮಿಕ’ ಚಿತ್ರದ ಆ ಜಟಕಾ ಬಂಡಿಯ ಹಾಡು ಯಾವ ಕನ್ನಡಿಗನಿಗೆ ಗೊತ್ತಿಲ್ಲ? ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ನಾಗಾಭರಣ ನಿರ್ದೇಶಿಸಿದ ಚಿತ್ರ, ಹಂಸಲೇಖರ ಹಾಡು, ಹುಬ್ಬಳ್ಳಿಯ ಬೀದಿ. ಬಂಡಿ ಹೊಡೆಯುವ ರಾಜ್‌ಕುಮಾರ್ ಸುತ್ತ ಜನವೋ ಜನ. ಆ ಜನರನ್ನು ಕತ್ತರಿಸಿ ತೆಗೆದು ಬರೀ ಬಂಡಿ, ಕುದುರೆ, ಅಣ್ಣಾವ್ರನ್ನು ಉಳಿಸಿ ನೋಡಿ. ಆ ಹಾಡು ನವೆಂಬರ್ ತಿಂಗಳಿಡೀ ಪ್ರತಿ ಬೀದಿಯ ಮೈಕಿನಲ್ಲಿ ಮೊಳಗುವಾಗ ನಮ್ಮ ಕಣ್ಣ ಮುಂದೆ ಬರುವುದು ಆ ಜನಸಾಗರವೂ ಹೌದು. ರಾಜ್ ಅಭಿಮಾನಿಗಳನ್ನು ದೇವರೆಂದು ಕರೆದರು. ಆ ಮಾತನ್ನು ಕಲಿತುಕೊಂಡು ಇವತ್ತು ಎಲ್ಲ ವೇದಿಕೆಗಳಲ್ಲೂ ಒಪ್ಪಿಸುತ್ತಾರೆ. ದೇವರಿಗೆ ಬಸ್ ಚಾರ್ಜು ಕೊಡಿ ಎಂದರೆ ಮಾತ್ರ ಪ್ರೊಡಕ್ಷನ್ ಮ್ಯಾನೇಜರ್ ನಾಪತ್ತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕನ್ನಡದ ಹಾಡಿಗೆ ಕರೆಯುವಾಗ ಅವರು ಬಳಸುವ ಗಾಳ ಯಾವುದು ಗೊತ್ತೇ? ‘ಇದು ಕನ್ನಡದ ಕೆಲಸ.’ ಮುಗಿಯಿತು! ಈ ಮಾತು ಕೇಳಿದ ಕೂಡಲೇ ನಾವು ನೀವು ಜೇಬು ಮುಚ್ಚಿಕೊಳ್ಳುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತೇವೆ. ಕನ್ನಡದ ಕೆಲಸಕ್ಕೆ ಕೂಲಿ ಕೇಳುವುದೇ? ಛೇ! ಆದರೆ ಅದೇ ಸೆಟ್ಟಿನಲ್ಲಿ ಕ್ಯಾಮೆರಾ ಬಾಡಿಗೆಗೆ ಬಂದಿದೆ, ಕ್ರೇನ್ ಬಾಡಿಗೆಗೆ ಬಂದಿದೆ. ತಾಯಿ ಭುವನೇಶ್ವರಿಯ ಸೇವೆ ಎಂದು ಹೇಳಿ ಕ್ಯಾಮೆರಾ ಅಂಗಡಿಯವನಿಂದ ಒಂದು ದಿನದ ಬಾಡಿಗೆ ಬಿಡಿಸಿಕೊಂಡ ನಿರ್ಮಾಪಕನನ್ನು ನನಗೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ. ಪರಊರಿನಿಂದ ವಿಮಾನದಲ್ಲಿ ಬಂದ ಡ್ಯಾನ್ಸ್ ಮಾಸ್ಟರಿಗೆ ಕನ್ನಡದ ಕೆಲಸ ಎಂದು ಹೇಳಿ ನೋಡಿ, ಅವರು ಮುಂಗಡ ಬಂದಿದೆಯೇ ಎಂದು ಕೇಳುತ್ತಾರೆ. ಅವರು ಕೇಳುವುದು ಸರಿಯಾಗಿಯೇ ಇದೆ, ದುಡಿಮೆಗೆ ಕೂಲಿ ಕೇಳುವುದು ತಪ್ಪಲ್ಲ. ಕನ್ನಡಕ್ಕಾಗಿ ತ್ಯಾಗ ಮಾಡಬೇಕಾದವರು ಹಿಂದಿನ ಸಾಲಿನಲ್ಲಿ ನಿಂತ ಬಡಾವಣೆಯ ಹುಡುಗರು ಮಾತ್ರ ಎಂದಾದಾಗ ನನಗೆ ಮೈ ಉರಿಯುತ್ತದೆ.

ಚಳವಳಿಗೆ ಬಿಟ್ಟಿ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತೇವೆ. 1982ರಲ್ಲಿ ಗೋಕಾಕ್ ವರದಿ ಜಾರಿಗಾಗಿ ರಾಜ್‌ಕುಮಾರ್ ಬೀದಿಗಿಳಿದಾಗ ಅವರ ಹಿಂದೆ ಬಂದ ಜನಕ್ಕೆ ಯಾರೂ ದಿನಗೂಲಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಏಕೆಂದರೆ ಅಲ್ಲಿ ಗೆದ್ದದ್ದು ಎಲ್ಲರಿಗೂ ಸೇರುತ್ತಿತ್ತು, ಮಕ್ಕಳ ಶಾಲೆಗೆ ಸೇರುತ್ತಿತ್ತು. ಹಾಡಿನ ವಿಡಿಯೋ ಹಾಗಲ್ಲ. ಅದು ಸರಕು. ಅದಕ್ಕೊಬ್ಬ ಮಾಲೀಕನಿದ್ದಾನೆ, ಹಕ್ಕು ಅವನದು, ಪ್ರತಿ ವೀಕ್ಷಣೆಯ ಕಾಸು ಅವನ ಖಾತೆಗೆ ಹೋಗುತ್ತದೆ. ಸರಕು ಮಾಡುವುದು ತಪ್ಪಲ್ಲ, ಕನ್ನಡದಲ್ಲಿ ಇನ್ನೂ ಸಾವಿರ ಹಾಡು ಬರಲಿ, ಚೆನ್ನಾಗಿ ಮಾರಾಟವಾಗಲಿ. ಆದರೆ ಮೆರವಣಿಗೆಯ ನಿಯಮವನ್ನು ಕಾರ್ಖಾನೆಗೆ ತರಬೇಡಿ.

ಇನ್ನೊಂದು ಸಂಗತಿ ನಮ್ಮ ಹುಡುಗರ ಕಣ್ಣಿಗೆ ಬೀಳುವುದೇ ಇಲ್ಲ. ನೀವು ಬಿಟ್ಟಿ ನಿಂತ ಜಾಗ ಯಾರದ್ದು? ಜೂನಿಯರ್ ಆರ್ಟಿಸ್ಟುಗಳದ್ದು. ಏಜೆಂಟನ ಒಂದು ಫೋನಿಗೆ ಕಾದು ಕುಳಿತು, ಇವತ್ತು ಮದುವೆ ಮನೆಯ ನೆಂಟರಾಗಿ, ನಾಳೆ ಸಂತೆಯ ವ್ಯಾಪಾರಿಗಳಾಗಿ, ಅವನಿಗೂ ಒಂದು ಪಾಲು ಕೊಟ್ಟು ಉಳಿದದ್ದರಲ್ಲಿ ಮನೆ ನಡೆಸುವ ಗಂಡಸರು ಹೆಂಗಸರು ಅವರು. ಅವರಲ್ಲಿ ಹೆಚ್ಚಿನವರು ಕನ್ನಡಿಗರೇ, ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇರುವವರು. ಇನ್ನೂರು ಅಭಿಮಾನಿಗಳು ಬಿಟ್ಟಿ ಬಂದರೆ ಇನ್ನೂರು ಜನರ ಒಂದು ದಿನದ ಅನ್ನ ಹೋಯಿತು. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ಬೆಳಿಗ್ಗೆ ಘೋಷಣೆ ಕೂಗಿ, ಸಂಜೆ ಕನ್ನಡಿಗರ ಉದ್ಯೋಗವನ್ನು ನಾವೇ ಬಿಟ್ಟಿಯಾಗಿ ಮಾಡಿಕೊಟ್ಟು ಬರುವುದು ಯಾವ ನ್ಯಾಯ?

ಕಾನೂನು ಏನೂ ಇಲ್ಲವೇ? ಇದೆ. ಸಿನಿಮಾ ಕೆಲಸಗಾರರಿಗೆ ಲಿಖಿತ ಕರಾರು ಇರಬೇಕೆಂದು 1981ರಲ್ಲೇ ಕೇಂದ್ರ ಕಾನೂನು ಮಾಡಿತ್ತು, ಆದರೆ ಅದು ಕಥಾಚಿತ್ರಗಳಿಗೆ ಮಾತ್ರ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಹಳೆಯ ಕಾನೂನಿನ ಜಾಗಕ್ಕೆ ಬಂದು, ಡಿಜಿಟಲ್ ತಯಾರಿಕೆಯನ್ನೂ ಒಳಗೆ ಸೇರಿಸಿತು. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ನಮ್ಮ ರಾಜ್ಯವೂ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕಾಗಿ ಕಾಯ್ದೆ ಮಾಡಿ, ಸಿನಿಮಾ ಟಿಕೆಟ್ಟಿನ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಹಾಕಲು ದಾರಿ ಮಾಡಿತು. ಒಳ್ಳೆಯದೇ. ಆದರೆ ಇವೆಲ್ಲ ಕೆಲಸಗಾರರಿಗೆ. ಸಂಬಳವಿಲ್ಲದೆ, ಕಾಗದವಿಲ್ಲದೆ, ಪ್ರೀತಿಗೆ ಬಂದೆ ಎನ್ನುವವನನ್ನು ಕೆಲಸಗಾರ ಎಂದು ತೋರಿಸುವುದು ಹೇಗೆ? ಅಭಿಮಾನಿ ಎಂದು ಕರೆದರೆ ಅವರ ಹೊಣೆ ತಪ್ಪುತ್ತದೆ, ಅದಕ್ಕೇ ಹಾಗೆ ಕರೆಯುತ್ತಾರೆ.

ಹೊಣೆ ಎಂಬುದು ಸಣ್ಣ ಮಾತಲ್ಲ. 2016ರ ನವೆಂಬರಿನಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಸಂಬಳ ಪಡೆದು, ಹೆಸರು ಇದ್ದು ಬಂದವರ ಗತಿಯೇ ಅದಾದರೆ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲದವರ ಗತಿ ಏನು? ಒಂದು ಕರೆಗೆ ಓಡಿ ಬಂದ ಗುಂಪನ್ನು ನಿಭಾಯಿಸಲಾಗದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೋಡಿದೆವಲ್ಲ, ಹನ್ನೊಂದು ಜೀವ ಹೋದವು. ಅವರೂ ಪ್ರೀತಿಗೆ ಬಂದವರೇ. ಚಿತ್ರೀಕರಣದ ಗುಂಪು ಅಷ್ಟು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಹಗ್ಗ ಕಟ್ಟಿದ ಕ್ರೇನ್, ನೆಲದ ಮೇಲೆ ಹರಿದಾಡುವ ಕರೆಂಟ್ ವೈರು, ಮಳೆ ಸುರಿಸುವ ಪೈಪು, ಕುಣಿಯುವ ಇನ್ನೂರು ಜನ, ಒಬ್ಬ ಡಾಕ್ಟರೂ ಇಲ್ಲ!

ಎಲ್ಲರೂ ಕಳ್ಳರಲ್ಲ. ಬೈಕು ಮಾರಿ ಹಾಡು ಮಾಡುವ ಕನ್ನಡದ ಹುಡುಗರಿದ್ದಾರೆ, ಸ್ನೇಹಿತನ ಮೊಬೈಲಿನಲ್ಲೇ ಚಿತ್ರೀಕರಿಸಿ ಬಿಡುಗಡೆ ಮಾಡುವ ರ‍್ಯಾಪರುಗಳಿದ್ದಾರೆ. ಅವರ ಹತ್ತಿರ ಕೂಲಿ ಕೇಳಿದರೆ ನಮ್ಮನ್ನೇ ಜನ ಉಗಿಯುತ್ತಾರೆ. ಅಂಥವರ ಹಾಡಿಗೆ ಹೋಗಿ ನಿಲ್ಲಿ, ನಾನೂ ಬರುತ್ತೇನೆ. ಅವರನ್ನು ಗುರುತಿಸುವುದು ಬಹಳ ಸುಲಭ. ಅವರು ಮೊದಲೇ ಹೇಳುತ್ತಾರೆ, ‘ದುಡ್ಡಿಲ್ಲ ಗುರು, ಮಧ್ಯಾಹ್ನ ಬಿರಿಯಾನಿ ಕೊಡಿಸ್ತೀನಿ, ಆರಕ್ಕೆ ಬಿಟ್ಬಿಡ್ತೀನಿ’ ಅಂತ. ನಿಮ್ಮ ಜೊತೆ ನೆಲದ ಮೇಲೆ ಕುಳಿತು ಅದೇ ಊಟ ಮಾಡುತ್ತಾರೆ. ವಿಡಿಯೋದ ಕೊನೆಯಲ್ಲಿ ನಿಮ್ಮ ಹೆಸರು ಹಾಕುತ್ತಾರೆ, ಅದೂ ಕನ್ನಡದಲ್ಲಿ. ದುಡ್ಡಿದ್ದೂ ಇಲ್ಲವೆನ್ನುವ ದೊಡ್ಡ ಮನುಷ್ಯರ ಹಾಡಿನಲ್ಲಿ ಮಾತ್ರ ಇಂಗ್ಲಿಷಿನ ಹೆಸರುಪಟ್ಟಿ ಉದ್ದಕ್ಕೆ ಓಡುತ್ತದೆ, ಡ್ರೋನ್ ಹಾರಿಸಿದವನ ಹೆಸರೂ ಇರುತ್ತದೆ, ಇನ್ನೂರು ಅಭಿಮಾನಿಗಳಿಗೆ ಸೇರಿಸಿ ಒಂದು ‘ಥ್ಯಾಂಕ್ಸ್’ ಕೂಡ ಇರುವುದಿಲ್ಲ.

ಹಾಗಾದರೆ ಈ ಅಕ್ಟೋಬರಿನಲ್ಲಿ ಕರೆ ಬಂದಾಗ ಏನು ಮಾಡುತ್ತೀರಿ? ಒಬ್ಬೊಬ್ಬರೇ ಹೋಗಬೇಡಿ, ಗೆಳೆಯರು ಒಟ್ಟಾಗಿ ಹೋಗಿ, ಹೋಗುವ ಮೊದಲು ಕರೆ ಕಳಿಸಿದವನಿಗೇ ಫೋನ್ ಹಚ್ಚಿ. ಹೋಗಿ ಬರುವ ಖರ್ಚು ಯಾರದ್ದು, ಊಟ ನೀರು ಎಷ್ಟು ಹೊತ್ತಿಗೆ, ಹೆಣ್ಣುಮಕ್ಕಳಿಗೆ ಏನು ವ್ಯವಸ್ಥೆ, ರಾತ್ರಿಯಾದರೆ ಬಸ್ ನಿಲ್ದಾಣದವರೆಗೆ ಗಾಡಿ ಇದೆಯೇ? ನಾಚಿಕೆ ಬೇಡ, ಗಂಟಲೆತ್ತಿ ಕೇಳಿ. ಇಡೀ ದಿನ ನಿಲ್ಲಿಸುವುದಾದರೆ ಜೂನಿಯರ್ ಆರ್ಟಿಸ್ಟಿಗೆ ಕೊಡುವಷ್ಟೇ ಕೊಡಿ ಎನ್ನಿ. ಕೊಡುವುದಿಲ್ಲವೆಂದರೆ ಅವರನ್ನೇ ಕರೆಸಿಕೊಳ್ಳಿ ಎಂದು ಹೇಳಿ ಫೋನ್ ಇಡಿ. ಒಂದು ದಿನ ಇನ್ನೂರು ಜನ ಬರದೆ ಇದ್ದರೆ ಆ ಕ್ರೇನ್ ಯಾರನ್ನು ತೋರಿಸುತ್ತದೆ ನೋಡೋಣ.

ಮತ್ತೆ ಒಂದು ಕಾಗದ. ದೊಡ್ಡ ಕಂಪನಿಯ ಹಾಡಾದರೆ ಸಾಲಿನಲ್ಲಿ ನಿಲ್ಲಿಸಿ, ‘ಬೇಗ ಬೇಗ’ ಎಂದು ಅವಸರ ಮಾಡಿ ಒಂದು ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದಿಷ್ಟು. ನಿಮ್ಮ ಮುಖವನ್ನು ಜಗತ್ತಿನ ಯಾವ ಮೂಲೆಯಲ್ಲಾದರೂ, ಯಾವ ಮಾಧ್ಯಮದಲ್ಲಾದರೂ, ಎಂದೆಂದಿಗೂ ಬಳಸುವ ಹಕ್ಕು ಅವರದು, ಅದಕ್ಕೆ ನೀವು ಏನೂ ಕೇಳುವಂತಿಲ್ಲ. ಇವತ್ತು ಹಾಡಿಗೆ ಕೊಟ್ಟ ಮುಖ ನಾಳೆ ಪಾನ್ ಮಸಾಲೆಯ ಜಾಹೀರಾತಿನಲ್ಲಿ ಕಂಡರೂ ಆ ಸಹಿ ಅಡ್ಡ ಬರುತ್ತದೆ. ಕನ್ನಡದ ಹಾಡು, ಕನ್ನಡದ ಬಾವುಟ, ಕನ್ನಡದ ಹುಡುಗರು, ಕಾಗದ ಮಾತ್ರ ಇಂಗ್ಲಿಷಿನಲ್ಲಿ! ಕನ್ನಡದಲ್ಲಿ ಕೊಡಿ, ಓದಿ ಸಹಿ ಹಾಕುತ್ತೇವೆ ಎನ್ನಿ. ಅಚ್ಚು ಹಾಕಿಸಿಲ್ಲ ಎಂದರೆ ಒಂದು ಬಿಳಿ ಹಾಳೆ ತರಿಸಿ. ಈ ಹಾಡಿಗೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ, ಪೆಟ್ಟಾದರೆ ಆಸ್ಪತ್ರೆ ಖರ್ಚು ನಿರ್ಮಾಪಕರದು ಎಂದು ನಾಲ್ಕು ಸಾಲು ಬರೆಸಿ, ಕೆಳಗೆ ಮ್ಯಾನೇಜರನ ಸಹಿ ಮೊದಲು ಹಾಕಿಸಿ, ಒಂದು ಪ್ರತಿಯನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಆಮೇಲೆ ಸೆಟ್ಟಿನೊಳಗೆ ಕಾಲಿಡಿ.